ಏಳಕ್ಕೆ ಎರಡು, ಮೇಲೊಂದು ಕಾಡಿಗೆ ಬೊಟ್ಟು

ಹೇಗಿದ್ದೀರಿ ಎಂದು ಕೇಳಿದರೆ ‘ಬಹಳ ಸುಖವಾಗಿದ್ದೇನೆ’ ಎಂದು ಎದೆ ತಟ್ಟಿ ಹೇಳುವವರನ್ನು ನಾನು ಈ ವಯಸ್ಸಿನವರೆಗೆ ನೋಡಿಲ್ಲ. ನೋಡಿದ್ದರೆ ಸ್ವಲ್ಪ ದೂರ ಸರಿದು ನಿಲ್ಲುತ್ತಿದ್ದೆ. ನಮ್ಮ ಆಳಂದದ ಕಡೆ ಈ ಪ್ರಶ್ನೆಗೆ ಇರುವುದು ಒಂದೇ ಉತ್ತರ: ‘ನಡದದ್ರಿ.’ ಮಗಳಿಗೆ ಒಳ್ಳೆಯ ಮನೆತನ ಸಿಕ್ಕಿರಲಿ, ಹೊಸ ಮನೆಯ ವಾಸ್ತುಶಾಂತಿ ಆಗಿರಲಿ, ‘ನಡದದ್ರಿ.’ ಮಾಳಿಗೆ ಸೋರುತ್ತಿರಲಿ, ಹಲ್ಲು ನೋಯುತ್ತಿರಲಿ, ಆಗಲೂ ‘ನಡದದ್ರಿ.’ ಎರಡರ ನಡುವಿನ ವ್ಯತ್ಯಾಸ ದನಿಯಲ್ಲಿರುತ್ತದೆ, ಕೇಳುವವರು ತಿಳಿದುಕೊಳ್ಳಬೇಕು. ಬಹಳ ಒತ್ತಾಯ ಮಾಡಿದರೆ ‘ವಿಠ್ಠಲ ನಡಸ್ಯಾನ’ ಎಂದು ಸೇರಿಸುತ್ತೇವೆ. ಅಷ್ಟರಲ್ಲಿ ಅರ್ಥವಾಗಬೇಕು, ಈ ಮನೆಯಲ್ಲಿ ತುಪ್ಪಕ್ಕೆ ಕೊರತೆಯಿಲ್ಲ ಎಂದು. ನನ್ನ ಸೋದರತ್ತೆಯೊಬ್ಬಳು ಒಮ್ಮೆ ಮದುವೆಮನೆಯಲ್ಲಿ ‘ನನಗ ಮಣಕಾಲ ಬ್ಯಾನಿ ಅಂದ್ರ ಏನಂತನ ಗೊತ್ತಿಲ್ಲ ನೋಡವಾ’ ಎಂದು ಹತ್ತು ಮಂದಿಯ ಎದುರು ಹೇಳಿಬಿಟ್ಟಳು. ಊಟ ಮುಗಿಸಿ ಪಂಕ್ತಿಯಿಂದ ಏಳಲು ಹೋದವಳು ಅಲ್ಲಿಯೇ ಕುಳಿತಳು. ಆಕೆಯನ್ನು ಬೀಗರ ಕಡೆಯ ಇಬ್ಬರು ಗಂಡಸರು ಹಿಡಿದೆತ್ತಬೇಕಾಯಿತು. ಅಂದಿನಿಂದ ನಮ್ಮ ಮನೆತನದಲ್ಲಿ ಯಾರೂ ತಮ್ಮ ಯಾವ ಅವಯವವನ್ನೂ ಹೊಗಳಿಲ್ಲ.

ಹಾಗೆಂದು ನಾನು ದುಃಖಿಯಲ್ಲ. ಇದನ್ನು ನಿಮಗೆ ಮೆಲ್ಲಗೆ ಹೇಳುತ್ತಿದ್ದೇನೆ, ಹೊರಗೆ ಬಿಡಬೇಡಿ. ಸಂಜೆ ದೀಪ ಹಚ್ಚಿ ವಿಠ್ಠಲನ ಮುಂದೆ ಕುಳಿತಾಗ ಆ ದಿನ ಅವನು ಮಾಡಿದ ಉಪಕಾರಗಳನ್ನು ಒಂದೊಂದಾಗಿ ನೆನೆಸಿಕೊಳ್ಳುವುದು ನನ್ನ ರೂಢಿ. ಗ್ಯಾಸ್ ಸಿಲಿಂಡರು ಮುಗಿಯಿತು, ಆದರೆ ಬೇಳೆ ಬೆಂದ ಮೇಲೆ ಮುಗಿಯಿತು. ಲಿಫ್ಟು ಕೆಟ್ಟಿತು, ಆದರೆ ನಾನು ಮೇಲೆ ಬಂದ ಮೇಲೆ ಕೆಟ್ಟಿತು. ಮೊಸರು ಹುಳಿಯಾಗಿತ್ತು, ಮಜ್ಜಿಗೆ ಹುಳಿಗೆ ಅಂಥದ್ದೇ ಬೇಕಿತ್ತು. ಇಷ್ಟು ಸಣ್ಣ ಸಣ್ಣ ವಿಷಯಗಳಿಗೆ ಅವನು ಗಮನ ಕೊಡುತ್ತಾನಲ್ಲ ಎಂದು ದೀಪಕ್ಕೆ ಇನ್ನೊಂದು ಬತ್ತಿ ಹಾಕುತ್ತೇನೆ. ಆದರೆ ಇದೆಲ್ಲ ನಮ್ಮಿಬ್ಬರ ನಡುವಿನ ಮಾತು. ನಾಲ್ಕು ಜನರ ಎದುರು ಹೇಳಿಕೊಂಡು ತಿರುಗುವುದಲ್ಲ. ಹೇಳಿದರೆ ನಾಳೆ ಸಿಲಿಂಡರು ಬೇಳೆ ಬೇಯುವ ಮೊದಲೇ ಮುಗಿದೀತು.

ಇಂಥ ನನ್ನ ಬಾಳಿನಲ್ಲಿ ಮೇಘನಾ ಎಂಬ ಹುಡುಗಿ ಬಂದು, ನನ್ನ ಸುಖಕ್ಕೆ ಏಳರಲ್ಲಿ ಎಷ್ಟು ಅಂಕ ಎಂದು ಕೇಳಿದಳು. ಅಲ್ಲಿಂದ ಎಲ್ಲ ಶುರುವಾಯಿತು.

ಮೇಘನಾ, ನಾವು ಊರು ಬಿಟ್ಟು ಬಂದು ನೆಲೆಸಿರುವ ಈ ದೊಡ್ಡ ನಗರದ ಖರಾಡಿ ಬಡಾವಣೆಯ ಕಟ್ಟಡದಲ್ಲಿ ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿರುವವಳು. ಮಂಡ್ಯದ ಕಡೆಯವಳು. ನಮ್ಮ ಖಡಕ್ ರೊಟ್ಟಿಯನ್ನು ಮೊದಲ ಸಲ ನೋಡಿ ‘ಇದನ್ನ ಹೆಂಗೆ ಮಡಚೋದು ಆಂಟಿ?’ ಎಂದು ಕೇಳಿದ್ದಳು. ಈ ಕಡೆ ಎಲ್ಲರೂ ಕಂಪ್ಯೂಟರ್ ಕೆಲಸದವರು, ಇವಳದು ಮಾತ್ರ ವಿಚಿತ್ರ ಕೆಲಸ. ಇವಳ ಆಫೀಸಿನವರು ಬೇರೆ ಬೇರೆ ದೇಶದ ಜನರಿಗೆ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ಯಾವ ದೇಶದವರ ಮನಸ್ಸು ಎಷ್ಟು ನೆಮ್ಮದಿಯಲ್ಲಿದೆ ಎಂದು ಅಳೆದು, ಆಮೇಲೆ ಒಂದರ ಪಕ್ಕ ಒಂದನ್ನು ಇಟ್ಟು ನೋಡುತ್ತಾರಂತೆ. ಕನ್ನಡದ ಹಾಳೆಗಳ ಜವಾಬ್ದಾರಿ ಇವಳದು. ‘ಆಂಟಿ, ನನ್ನ ಫಸ್ಟ್ ಪ್ರಾಜೆಕ್ಟು. ನಿಮ್ಮ ಭಜನಾ ಮಂಡಳಿಯವರೆಲ್ಲ ತುಂಬ್ಕೊಟ್ರೆ ನಾನು ಬಚಾವ್’ ಎಂದಳು. ಆ ಹುಡುಗಿಯ ಮುಖ ನೋಡಿ ಇಲ್ಲವೆನ್ನಲು ಆಗಲಿಲ್ಲ. ಗುರುವಾರ ಭಜನೆ ಮುಗಿದು ಪ್ರಸಾದದ ಅವಲಕ್ಕಿ ಹಂಚುವಾಗ ಎಲ್ಲರ ಕೈಗೂ ಒಂದೊಂದು ಹಾಳೆ, ಒಂದೊಂದು ಪೆನ್ನು ಬಂತು. ಹೆಸರು ಬರೆಯುವ ಹಾಗಿಲ್ಲ. ಪ್ರತಿ ಪ್ರಶ್ನೆಯ ಮುಂದೆ ಒಂದರಿಂದ ಏಳರವರೆಗೆ ಸಾಲಾಗಿ ಅಂಕಿಗಳು, ಬೇಕಾದದ್ದಕ್ಕೆ ಗುರುತು ಹಾಕಬೇಕು. ಸ್ವಲ್ಪವೂ ಒಪ್ಪದಿದ್ದರೆ ಒಂದು, ಪೂರ್ತಿ ಒಪ್ಪಿದರೆ ಏಳು.

ಪ್ರಶ್ನೆಗಳು ನನಗೆ ಬಹಳ ಹಿಡಿಸಿದವು, ಸುಳ್ಳೇಕೆ ಹೇಳಲಿ. ‘ನನಗಿಂತ ಬೇರೆಯವರು ಉತ್ತಮರು ಎಂದು ನನಗೆ ಅನ್ನಿಸುತ್ತದೆ.’ ಇದಕ್ಕೆ ಯೋಚಿಸುವುದೇನಿದೆ, ಏಳು. ದಿನಾ ಬೆಳಿಗ್ಗೆ ದೇವರೆದುರು ‘ನಾನು ಪಾಮರಳು, ಏನೂ ತಿಳಿಯದವಳು’ ಎಂದು ಕೈ ಮುಗಿದು, ಗುರುವಾರ ಹಾಳೆಯ ಮೇಲೆ ‘ಇಲ್ಲ, ನಾನೇ ಉತ್ತಮಳು’ ಎಂದು ಬರೆಯಲೇ? ‘ನನ್ನ ಬದುಕು ನನ್ನ ಹಿಡಿತದಲ್ಲಿದೆ.’ ಒಂದು. ನನ್ನ ಹಿಡಿತದಲ್ಲಿ ಸೌಟು ಕೂಡ ನೆಟ್ಟಗೆ ಇರುವುದಿಲ್ಲ, ಎಲ್ಲ ಅವನ ಕೈಯಲ್ಲಿ. ‘ನಾನಿಲ್ಲದಿದ್ದರೂ ಯಾವುದೂ ನಿಲ್ಲುವುದಿಲ್ಲ ಎಂದು ಅನ್ನಿಸುತ್ತದೆ.’ ಏಳು. ಇದು ನಮ್ಮ ಪ್ರವಚನದ ಸಾರವೇ, ಇಷ್ಟು ಚೆನ್ನಾಗಿ ಯಾರು ಬರೆದರೋ ಎಂದು ಮೆಚ್ಚಿಕೊಂಡೆ. ‘ಇತ್ತೀಚೆಗೆ ನಾನು ಆಗಾಗ ಅತ್ತಿದ್ದೇನೆ.’ ಏಳು. ಭಜನೆಯಲ್ಲಿ ಕಣ್ಣೀರು ಬರದ ದಿನ ಮನೆಗೆ ಬಂದು ಏನೋ ಕಳೆದುಕೊಂಡಂತೆ ಒದ್ದಾಡುತ್ತೇನೆ. ಕೊನೆಯ ಪ್ರಶ್ನೆ: ‘ಒಟ್ಟಾರೆ ನಿಮ್ಮ ಬದುಕಿಗೆ ಏಳಕ್ಕೆ ಎಷ್ಟು ಕೊಡುತ್ತೀರಿ?’ ಇಲ್ಲಿ ಸ್ವಲ್ಪ ತಡೆದೆ. ಒಂದು ಎಂದರೆ ವಿಠ್ಠಲನಿಗೆ ಬೇಸರವಾದೀತು. ಮೂರು ಎಂದರೆ ಪಕ್ಕದಲ್ಲಿ ಕುಳಿತು ನನ್ನ ಹಾಳೆಯಲ್ಲೇ ಕಣ್ಣಿಟ್ಟ ಕಮಲಕ್ಕ ‘ಭಾರೀ ಸುಖ ಉಕ್ಕೇರೇದ ನಿನಗ’ ಎಂದಾಳು. ಎರಡು ಎಂದು ಗುರುತು ಮಾಡಿ, ಹಾಳೆಯ ನೆತ್ತಿಯ ಮೇಲೆ ‘ಶ್ರೀ’ ಬರೆದು ಕೊಟ್ಟೆ. ಯಾವ ಕಾಗದವಾದರೂ ಶ್ರೀ ಬರೆಯದೆ ನನ್ನ ಕೈ ಬಿಡುವುದಿಲ್ಲ. ಕಮಲಕ್ಕನೆಂದರೆ ನಮ್ಮ ಮಂಡಳಿಯ ತಾಳದವಳು. ಆಕೆಯ ತಾಳಕ್ಕಿಂತ ಆಕೆಯ ನಾಲಿಗೆಯ ಹೊಡೆತ ಜೋರು. ಆಕೆ ತನ್ನ ಹಾಳೆಗೆ ಒಂದು ಹಾಕಿ, ‘ನನಗ ಇಷ್ಟ ಸಾಕವಾ’ ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಅವಲಕ್ಕಿ ಎರಡನೆಯ ಸಲ ಹಂಚಿದೆವು.

ಕೆಲವು ದಿನಗಳ ಮೇಲೆ ಒಂದು ಸಂಜೆ ಮೇಘನಾ ಬಂದಳು. ಯಾವತ್ತೂ ಜಿಂಕೆಯ ಹಾಗೆ ಬರುವವಳು, ಅಂದು ಆಸ್ಪತ್ರೆಗೆ ರೋಗಿಯನ್ನು ನೋಡಲು ಬಂದವಳಂತೆ ಮೆಲ್ಲಗೆ ಬಂದು ನನ್ನ ಕೈ ಹಿಡಿದು ಕುಳಿತಳು.

‘ಆಂಟಿ, ಮನೇಲಿ ಎಲ್ಲಾ ಸರಿ ಇದ್ಯಾ?’

‘ನಡದದವಾ’ ಎಂದೆ.

‘ಅಂಕಲ್ ಏನಾದ್ರೂ... ಬೈತಾರಾ?’

‘ಅವ್ರು ಬಾಯಿ ತಗದ್ರ ಅಲ್ಲೇನು ಬೈಯ್ಯೋದು!’

ಆಮೇಲೆ ಒಂದೊಂದೇ ಮಾತು ಹೊರಬಂತು. ಹೆಸರು ಇಲ್ಲದಿದ್ದರೂ ಶ್ರೀ ನೋಡಿ ನನ್ನ ಹಾಳೆ ಗುರುತು ಹಿಡಿದಿದ್ದಳಂತೆ. ಉತ್ತರದ ಕಡೆ ಹಿಮದ ದೇಶವೊಂದಿದೆ, ಅಲ್ಲಿ ಎಷ್ಟೋ ತಿಂಗಳು ಸೂರ್ಯನೇ ಕಾಣುವುದಿಲ್ಲ. ಅಲ್ಲಿ ಒಬ್ಬಳೇ ಒಂದು ಬೆಕ್ಕಿನ ಜೊತೆ ಇರುವ ಮುದುಕಿ ತನ್ನ ಬದುಕಿಗೆ ಆರು ಕೊಟ್ಟಿದ್ದಾಳೆ. ನಾನು ಎರಡು. ನಮ್ಮ ಭಜನಾ ಮಂಡಳಿಯನ್ನು ಹಿಡಿದರೆ ಇವಳ ಆಫೀಸಿನ ಪಟ್ಟಿಯಲ್ಲಿ ಅತ್ಯಂತ ದುಃಖಿಗಳು ನಾವೇ. ‘ಅವ್ರಿಗೆ ಕೌನ್ಸೆಲರ್ ಕಳಿಸ್ಬೇಕಾ ಅಂತ ಬಾಸ್ ಕೇಳ್ತಿದಾರೆ ಆಂಟಿ’ ಎಂದು ಕಣ್ಣು ಒರೆಸಿಕೊಂಡಳು. ನನಗೆ ನನ್ನ ದುಃಖಕ್ಕಿಂತ ಬೆಕ್ಕಿನ ಮುದುಕಿಯ ಧೈರ್ಯ ನೋಡಿ ದಿಗಿಲಾಯಿತು. ಸೂರ್ಯನಿಲ್ಲದ ಊರಲ್ಲಿ ಕುಳಿತು ಆರು ಎಂದು ಬಾಯಿಬಿಟ್ಟು ಹೇಳಿದ್ದಾಳಲ್ಲ, ಪಾಪ, ಬೆಕ್ಕಿಗೆ ಏನಾದರೂ ಆದರೆ?

ನಗುವ ವಿಷಯವೆಂದೇ ನಾನು ಬಿಟ್ಟುಬಿಡುತ್ತಿದ್ದೆ. ಆದರೆ ಹಾಲ್‌ನಲ್ಲಿ ಪೇಪರಿನ ಹಿಂದೆ ಕುಳಿತಿದ್ದ ನಮ್ಮವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಪೇಪರು ಮೆಲ್ಲಗೆ ಕೆಳಗಿಳಿಯಿತು. ನಮ್ಮವರು ಭೋಸರಿಯ ಕಾರ್ಖಾನೆಯಲ್ಲಿ ತಯಾರಾದ ಮಾಲನ್ನು ಗೇಜಿಗೆ ಹಿಡಿದು ಅಳೆದು ನೋಡುವ ಕೆಲಸ ಮಾಡಿ ನಿವೃತ್ತರಾದವರು. ಜೀವಮಾನವಿಡೀ ಒಂದು ಕೂದಲಿನಷ್ಟು ಹೆಚ್ಚುಕಡಿಮೆಯಾದರೂ ಮಾಲು ವಾಪಸ್ ಕಳಿಸಿದವರು. ಅವರಿಗೆ ನನ್ನ ಮಾತಿನ ಮೇಲೆ ನಂಬಿಕೆ ಅಷ್ಟಕ್ಕಷ್ಟೆ, ಅಂಕಿಯ ಮೇಲೆ ಪೂರ್ತಿ.

‘ಎರಡು?’ ಎಂದರು.

‘ಅದೇನ್ ಅಲ್ರಿ, ಸುಮ್ನ...’ ಎಂದೆ.

‘ಗೇಜ್ ಸುಳ್ಳು ಹೇಳಂಗಿಲ್ಲ’ ಎಂದರು. ‘ಗೇಜಿನ್ಯಾಗ ಎರಡು ಬಂತಂದ್ರ ಮಾಲಿನ್ಯಾಗ ದೋಷ ಅದ.’

ಮಾಲು ಎಂದರೆ ತಾವು ಎಂದು ಅವರು ತಿಳಿದುಕೊಂಡಿದ್ದಾರೆಂದು ನನಗೆ ಹೊಳೆಯಲು ಒಂದು ದಿನ ಬೇಕಾಯಿತು. ಮರುದಿನ ಬೆಳಿಗ್ಗೆ ನಾನು ಎದ್ದಾಗ ಅಡುಗೆಮನೆಯಲ್ಲಿ ಸಪ್ಪಳ. ಕಳ್ಳ ಬಂದನೆಂದು ಹೋಗಿ ನೋಡಿದರೆ ನಮ್ಮವರು ಚಹಾ ಮಾಡುತ್ತಿದ್ದಾರೆ! ಮದುವೆಯಾದಾಗಿನಿಂದ ಒಲೆಯ ಹತ್ತಿರ ಬರದ ಮನುಷ್ಯ. ಚಹಾದ ಪುಡಿಯ ಡಬ್ಬಿ ಎಂದು ಅರಿಷಿಣದ ಡಬ್ಬಿಯನ್ನು ಎಷ್ಟು ಹೊತ್ತು ಮೂಸಿದ್ದರೋ ಏನೋ, ಮೂಗಿನ ತುದಿ ಹಳದಿಯಾಗಿತ್ತು. ಗಂಡನ ಕೈಯಲ್ಲಿ ಚಹಾ ಕುಡಿಯುವುದು ಪಾಪವೋ ಪುಣ್ಯವೋ ಎಂದು ಯೋಚಿಸುತ್ತಲೇ ಕುಡಿದೆ. ಬಿಸಿಯಾಗಿತ್ತು, ಅದೊಂದು ಉಪಕಾರ. ಮಧ್ಯಾಹ್ನ ಕರಿಬೇವು ಬಿಡಿಸಿಕೊಟ್ಟರು. ಸಂಜೆ ಎಣ್ಣೆಯ ಬಟ್ಟಲು ತಂದು ‘ಮಣಕಾಲು ಚಾಚು’ ಎಂದರು. ನಾನು ನಾಚಿಕೆಯಿಂದ ಕಿಟಕಿಯ ಪರದೆ ಎಳೆದೆ. ಎಣ್ಣೆ ತಿಕ್ಕಿ ಮುಗಿಸಿ, ಅಳತೆಯ ಪಟ್ಟಿ ನೋಡುವವರ ಹಾಗೆ ನನ್ನ ಮುಖ ನೋಡಿ ‘ಈಗ ಎಷ್ಟು?’ ಎಂದು ಕೇಳಿದರು.

‘ಏನೆಷ್ಟು?’

‘ಏಳಕ್ಕ ಎಷ್ಟು?’

‘ಎರಡ ಅದ ಅಂತ ಇಟ್ಕೋರಿ. ಇದ್ದದ್ದು ಉಳದ್ರ ಸಾಕು’ ಎಂದೆ.

ಅವರು ನಿಟ್ಟುಸಿರು ಬಿಟ್ಟು ಬಟ್ಟಲು ತೊಳೆಯಲು ಹೋದರು. ಮರುದಿನ ಎಣ್ಣೆ ಇನ್ನಷ್ಟು ಬಿಸಿಯಾಗಿತ್ತು.

ಸುದ್ದಿ ಮಂಡಳಿಗೆ ಮುಟ್ಟಿತು. ಗುರುವಾರ ಕಮಲಕ್ಕ ತಾಳ ಕೆಳಗಿಟ್ಟು ನನ್ನ ಕಡೆ ತಿರುಗಿದಳು. ‘ಏನs, ನಿನಗ ಎರಡು ಬಂದದ್ದಕ್ಕ ಚಹಾ, ಎಣ್ಣಿ, ಎಲ್ಲಾ ನಡದದಂತ. ನಂದು ಒಂದು ಅದ. ನನಗ ಏನೇನ್ ಸಿಗಬೇಕು ಲೆಕ್ಕ ಹಾಕು.’ ಆಕೆ ಅದೇ ಸಂಜೆ ಗಂಡನಿಗೆ ಹೋಗಿ ತಾನು ಜಗತ್ತಿನಲ್ಲೇ ಅತಿ ದುಃಖಿ ಎಂದು ಹೇಳಿದಳಂತೆ. ಆತ ಟಿವಿಯಿಂದ ಕಣ್ಣು ತೆಗೆಯದೆ, ‘ಮೊದಲನೇ ನಂಬರ್ ಏನು? ಛಲೋ ಆತು’ ಎಂದನಂತೆ.

ನನಗೂ ಮೊದಮೊದಲು ಇದು ಮಜವೆನಿಸಿತು. ಆದರೆ ಒಂದು ಸಂಜೆ ಬಾಲ್ಕನಿಯಲ್ಲಿ ಮೆಂತ್ಯೆ ಬಿಡಿಸುತ್ತ ಕುಳಿತಾಗ ಅವರು ಕೇಳಿದ ಪ್ರಶ್ನೆಯಿಂದ ನನ್ನ ಕೈ ನಿಂತಿತು. ಕೆಳಗೆ ರಸ್ತೆಯ ಟ್ರಾಫಿಕ್ಕಿನ ಕಡೆ ನೋಡುತ್ತ ಕೇಳಿದರು:

‘ಆವಾಗ ನಿನಗ ಸೊಲ್ಲಾಪುರದ ವರ ಒಂದು ಬಂದಿತ್ತಲ್ಲ. ಬ್ಯಾಂಕಿನವ.’

‘ಬಂದಿತ್ತು. ಈಗ್ಯಾಕ?’

‘ಅವನ್ನ ಮಾಡ್ಕೊಂಡಿದ್ರ ಎಷ್ಟು ಹಾಕ್ತಿದ್ದಿ?’

ಮನಸ್ಸಿನಲ್ಲಿ ಏನೇನೋ ಬಂತು. ಆ ಬ್ಯಾಂಕಿನವನು ಅಂದು ಉಪ್ಪಿಟ್ಟು ತಿಂದು ಉಪ್ಪು ಕಡಿಮೆ ಎಂದಿದ್ದ, ಇವರು ಇಷ್ಟು ವರ್ಷದಲ್ಲಿ ಒಮ್ಮೆಯೂ ಹಾಗೆ ಅಂದಿಲ್ಲ ಎಂದು ಹೇಳಬೇಕಿತ್ತು. ಆದರೆ ಬಾಯಿಗೆ ಜನ್ಮದ ರೂಢಿ. ‘ಅವನಿಗೂ ಎರಡ ಹಾಕ್ತಿದ್ದೆ’ ಎಂದುಬಿಟ್ಟೆ. ಸಮಾಧಾನ ಹೇಳುತ್ತಿದ್ದೇನೆಂದೇ ನನ್ನ ಭಾವನೆ. ಅವರು ತಲೆ ಅಲ್ಲಾಡಿಸಿ ಒಳಗೆ ಹೋದರು. ಆ ರಾತ್ರಿ ಊಟಕ್ಕೆ ಎರಡನೆಯ ಸಲ ಅನ್ನ ಕೇಳಲಿಲ್ಲ. ನನ್ನ ಜೊತೆ ಕಳೆದ ಇಷ್ಟು ವರ್ಷವನ್ನೆಲ್ಲ ಅವರು ಒಂದೊಂದಾಗಿ ಎತ್ತಿ ಅಳೆದು, ದೋಷದ ಮಾಲಿನ ರಾಶಿಗೆ ಎಸೆಯುತ್ತಿದ್ದಾರೆಂದು ನನಗೆ ಆಗ ಅರ್ಥವಾಯಿತು. ದೇವರ ಮುಂದೆ ಕುಳಿತು, ‘ವಿಠ್ಠಲಾ, ನಿನಗೆ ಗೊತ್ತಿದೆ, ಇವರಿಗೆ ಗೊತ್ತಿಲ್ಲ, ಏನಾದರೂ ಮಾಡು’ ಎಂದು ಕೇಳಿಕೊಂಡೆ.

ವಿಠ್ಠಲ ಮೇಘನಾಳನ್ನೇ ಮತ್ತೆ ಕಳಿಸಿದ. ಅವಳ ಆಫೀಸಿನಲ್ಲೂ ನಮ್ಮ ಹಾಳೆಗಳದ್ದೇ ಜಗಳವಂತೆ. ಒಂದು ದೇಶದವರು ತುದಿಯ ಅಂಕಿ ಹಿಡಿಯುವುದು ಒರಟುತನ ಎಂದು ಎಲ್ಲದಕ್ಕೂ ನಾಲ್ಕನ್ನೇ ಹಾಕುತ್ತಾರಂತೆ. ಇನ್ನೊಂದು ದೇಶದವರು ಹಾಕಿದರೆ ಒಂದು, ಇಲ್ಲವೆಂದರೆ ಏಳು. ಹೀಗಿರುವಾಗ ನಮ್ಮ ಎರಡು, ಬೆಕ್ಕಿನ ಮುದುಕಿಯ ಆರು, ಇವೆರಡೂ ಒಂದೇ ಅಳತೆ ಎಂದು ಹೇಗೆ ಹೇಳುವುದು? ಇದು ನನಗೆ ತಕ್ಷಣ ತಿಳಿಯಿತು. ನಾಸಿಕದಲ್ಲಿರುವ ನನ್ನ ಮಗಳು ಶಿರಾ ಮಾಡುವುದು ಹೇಗೆ ಎಂದು ಫೋನಿನಲ್ಲಿ ಕೇಳಿದಾಗ ‘ಒಂದು ಬಟ್ಟಲು ರವಾ, ಮೂರು ಲೋಟ ನೀರು’ ಎಂದಿದ್ದೆ. ನನ್ನ ಬಟ್ಟಲು ನನ್ನ ಅತ್ತೆಯ ಕಾಲದ್ದು, ಅದರಲ್ಲಿ ಹುಡುಗರಿಗೆ ಸ್ನಾನ ಮಾಡಿಸಬಹುದು. ಅವಳ ಬಟ್ಟಲು ಅಂಗೈಯಷ್ಟು. ಅವಳ ಶಿರಾವನ್ನು ಅಳಿಯಂದಿರು ಲೋಟದಲ್ಲಿ ಹಾಕಿಕೊಂಡು ಕುಡಿದರು. ಇಬ್ಬರೂ ಹೇಳಿದ್ದು ‘ಒಂದು ಬಟ್ಟಲು’ ಅಂತಲೇ.

‘ಕರೆಕ್ಟ್ ಆಂಟಿ!’ ಎಂದು ಮೇಘನಾ ಕುಣಿದಳು. ‘ಆದ್ರೆ ಬಾಸು, ಹೋಲ್ಸಕ್ಕೆ ಬರ್ದಿದ್ರೆ ಕನ್ನಡನೇ ತೆಗ್ದಾಕಿ ಅಂತಿದಾರೆ. ಅದಕ್ಕೆ ಒಂದು ಉಪಾಯ ಇದೆ.’

ಉಪಾಯ ಏನೆಂದರೆ, ನಿಜವಾಗಿ ಇಲ್ಲದ ಒಬ್ಬ ಹೆಂಗಸಿನ ಕಥೆ ಓದಿ ಹೇಳುವುದು. ಎಲ್ಲ ದೇಶದಲ್ಲೂ ಅದೇ ಕಥೆ. ಅವಳ ಬದುಕಿಗೆ ಎಷ್ಟು ಎಂದು ಕೇಳುವುದು. ಅದಕ್ಕೆ ನಾವು ಕೊಟ್ಟದ್ದು ನೋಡಿದರೆ ನಮ್ಮ ಬಟ್ಟಲು ಎಷ್ಟು ದೊಡ್ಡದು ಎಂದು ತಿಳಿಯುತ್ತದೆ. ಮುಂದಿನ ಗುರುವಾರ ಭಜನೆಯ ನಂತರ ನಮ್ಮ ಮನೆಯಲ್ಲೇ ಎಲ್ಲರೂ ಕುಳಿತೆವು. ಮೇಘನಾ ಓದಿದಳು: ‘ಮಹಿಳೆಯ ಹೆಸರು ಕ. ಗಂಡ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದಾರೆ. ಸ್ವಂತ ಚಿಕ್ಕ ಮನೆ ಇದೆ. ಒಬ್ಬಳೇ ಮಗಳು, ಬೇರೆ ಊರಿನಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಮಂಡಿನೋವು ಬಿಟ್ಟರೆ ಆರೋಗ್ಯ ಚೆನ್ನಾಗಿದೆ. ಗಂಡ ಹೆಚ್ಚು ಮಾತಾಡುವುದಿಲ್ಲ, ಸಿಟ್ಟೂ ಮಾಡುವುದಿಲ್ಲ.’

‘ಕುಡಿತಾನೇನು?’ ಎಂದಳು ಕಮಲಕ್ಕ.

‘ಅದು ಬರ್ದಿಲ್ಲ ಆಂಟಿ.’

‘ಮುಖ್ಯದ್ದು ಅದs ಬಿಟ್ಟೀರಲ್ಲ! ಮತ್ತ ಅತ್ತಿ?’

‘ಅತ್ತೆ ಬಗ್ಗೆನೂ ಇಲ್ಲ.’

‘ಇಲ್ಲ ಅಂದ್ರ ತೀರಿಕೊಂಡಾಳೋ, ಊರಾಗ ಇದ್ದಾಳೋ?’

ಕ ಎಂಬುವವಳು ಇಲ್ಲವೇ ಇಲ್ಲ ಎಂದು ಮೇಘನಾ ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಆ ಕ ಎಂಬುವವಳ ಮಗಳ ಅತ್ತೆಮನೆಯ ಬಗ್ಗೆ ಸ್ವಲ್ಪ ಹೊತ್ತು ಚಿಂತೆ ನಡೆಯಿತು. ಮಂಡಿನೋವಿಗೆ ಎಕ್ಕೆ ಎಲೆ ಬಿಸಿ ಮಾಡಿ ಕಟ್ಟಲು ಯಾರೋ ಸೂಚಿಸಿದರು. ಕೊನೆಗೆ ಕಮಲಕ್ಕ ತೀರ್ಪು ಕೊಟ್ಟಳು: ‘ಸ್ವಂತ ಮನಿ ಅದ, ಸಿಟ್ಟು ಮಾಡದ ಗಂಡ ಇದ್ದಾನ. ಇನ್ನೇನ್ ಧಾಡಿ ಆಕಿಗೆ? ಏಳು ಹಾಕ್ರಿ.’ ಎಲ್ಲರೂ ಏಳು ಹಾಕಿದೆವು. ನಾನೂ ‘ಪುಣ್ಯವಂತಿ, ಸುಖವಾಗಿರಲಿ’ ಎಂದು ಹರಸಿ ಏಳು ಹಾಕಿದೆ. ತಲೆ ಎತ್ತಿದರೆ ಬಾಗಿಲಲ್ಲಿ ನಮ್ಮವರು, ಕೈಯಲ್ಲಿ ಮಂಡಳಿಗೆಲ್ಲ ಮಾಡಿದ ಚಹಾದ ತಟ್ಟೆ.

‘ಆಕಿಗೆ ಏಳು?’ ಎಂದರು.

ಕಮಲಕ್ಕ ತನ್ನ ಹಾಳೆಯನ್ನು ಮೆಲ್ಲಗೆ ಬೋರಲು ಹಾಕಿದಳು.

‘ಆಕಿ ಗಂಡನೂ ಕಾರ್ಖಾನಿಯವ. ನಾನೂ. ಆಕಿ ಮಗಳೂ ಬ್ಯಾರೆ ಊರಾಗ. ಆಕಿದೂ ಮಣಕಾಲು. ಎರಡೂ ಒಂದs ಮಾಲು ಅಲ್ಲೇನು? ಮತ್ತ ನಿನಗ್ಯಾಕ ಎರಡು?’

‘ಅಲ್ರಿ, ಆಕಿ ಬ್ಯಾರೆಯಾಕಿ’ ಎಂದೆ. ‘ಬ್ಯಾರೆಯವರಿಗೆ ಬಾಯಿ ತುಂಬ ಕೊಡಬೇಕು. ನಮಗ ನಾವs ಹ್ಯಾಂಗ ಕೊಟ್ಕೋಬೇಕ್ರಿ? ನದರ ಆಗಂಗಿಲ್ಲೇನು, ದೃಷ್ಟಿ ತಾಗಂಗಿಲ್ಲೇನು?’

ಮೇಘನಾ ತಲೆಯ ಮೇಲೆ ಕೈ ಹೊತ್ತಳು. ಒಬ್ಬಳೇ ಹೆಂಗಸಿನ ಹತ್ತಿರ ಎರಡು ಬಟ್ಟಲು ಇರಬಹುದು, ತನಗೊಂದು, ಊರವರಿಗೊಂದು ಎಂದು ಅವಳ ಆಫೀಸಿನಲ್ಲಿ ಯಾರೂ ಯೋಚಿಸಿರಲಿಲ್ಲವಂತೆ. ಈಗ ಹೋಲಿಸಿ ನೋಡಿದರೆ ನಾವು ಮೊದಲಿಗಿಂತಲೂ ದುಃಖಿಗಳಾಗಿದ್ದೆವು. ನಮ್ಮಂಥದ್ದೇ ಬದುಕಿದ್ದವಳು ಏಳಕ್ಕೇರಿದ್ದಳು, ನಾವು ಮಾತ್ರ ಎರಡರಲ್ಲೇ ಕುಳಿತಿದ್ದೆವು. ‘ಲಾಸ್ಟ್ ಚಾನ್ಸ್ ಆಂಟಿ’ ಎಂದು ಅವಳು ಇನ್ನೊಂದು ಕಟ್ಟು ಹಾಳೆ ತೆಗೆದಳು. ಅದರಲ್ಲಿ ಪಾಮರಳು, ಕಣ್ಣೀರು ಇತ್ಯಾದಿ ಏನೂ ಇಲ್ಲ, ನೇರವಾಗಿ ಸುಖದ ಪ್ರಶ್ನೆಗಳು ಮಾತ್ರ. ಮಂಡಳಿಯಲ್ಲಿ ಕುಳಿತು ಬರೆಯುವಂತಿಲ್ಲ, ಮನೆಯಲ್ಲಿ ಒಬ್ಬೊಬ್ಬರೇ ಬರೆಯಬೇಕು. ‘ಯಾರೂ ನೋಡಲ್ಲ. ಕಮಲಾ ಆಂಟಿನೂ ನೋಡಲ್ಲ. ಈ ಸಲ ನಾನೂ ಓದಲ್ಲ, ಮಷಿನ್ನೇ ಓದುತ್ತೆ. ಅದಕ್ಕೆ ಮೇಲೆ ಶ್ರೀ ಗಿರೀ ಬರೀಬೇಡಿ ಪ್ಲೀಸ್.’

ಆ ಸಂಜೆ ಹಾಳೆ ಹಿಡಿದು ದೇವರಮನೆಯಲ್ಲೇ ಕುಳಿತೆ. ಹೊರಗೆ ಹಾಲ್‌ನಲ್ಲಿ ನಮ್ಮವರು ಪೇಪರ್ ಹಿಡಿದಿದ್ದರು, ಆದರೆ ಪುಟ ತಿರುವುವ ಸದ್ದಿರಲಿಲ್ಲ. ಮಷಿನ್ನಿಗೆ ಕಣ್ಣಿದ್ದರೂ ಹೊಟ್ಟೆಕಿಚ್ಚು ಇರಲಿಕ್ಕಿಲ್ಲ ಎಂದುಕೊಂಡೆ. ಬೆಕ್ಕಿನ ಮುದುಕಿಯನ್ನು ನೆನೆದೆ, ಎಣ್ಣೆಯ ಬಟ್ಟಲನ್ನು ನೆನೆದೆ, ಎರಡನೆಯ ಸಲ ಅನ್ನ ಕೇಳದ ಆ ಊಟವನ್ನು ನೆನೆದೆ. ಧೈರ್ಯ ಮಾಡಿ ಎಲ್ಲದಕ್ಕೂ ಏಳು ಹಾಕಿದೆ. ಹಾಕಿದ್ದೇ ತಡ, ಸುತ್ತಮುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿದೆ. ಎಲ್ಲರೂ ನೋಡುವ ಹಾಗೆ ಏಳು ಏಳು ಏಳು ಎಂದು ಸಾಲಾಗಿ ಗುರುತು ಮಾಡಿದ ಹಾಳೆ, ಹೊಸ ಬಟ್ಟೆ ತೊಡಿಸಿದ ಕೂಸಿನ ಹಾಗೆ ಹೊಳೆಯುತ್ತಿದೆ! ಶ್ರೀ ಬರೆಯುವಂತಿಲ್ಲ. ಆದರೆ ಕಾಡಿಗೆಯ ಬಗ್ಗೆ ಮೇಘನಾ ಏನೂ ಹೇಳಿರಲಿಲ್ಲ. ಡಬ್ಬಿ ತೆಗೆದು ಹಾಳೆಯ ಕೆಳಗಿನ ಮೂಲೆಯಲ್ಲಿ, ಯಾರಿಗೂ ತೊಂದರೆಯಾಗದ ಜಾಗದಲ್ಲಿ, ದುಂಡಗೆ ಒಂದು ಬೊಟ್ಟಿಟ್ಟೆ. ಮನಸ್ಸು ಹಗುರವಾಯಿತು. ಫೋನು ಮಾಡಿ ಕಮಲಕ್ಕನಿಗೂ ಹೇಳಿದೆ. ‘ಅಯ್ಯ, ಇದು ಛಲೋ ಉಪಾಯ ನೋಡು. ನಾನೂ ಅದs ಚಿಂತಿಯೊಳಗಿದ್ದೆ’ ಎಂದಳು. ಆಕೆ ಉಳಿದವರಿಗೆ ಹೇಳಿದಳು.

ಹಾಳೆಯನ್ನು ನಮ್ಮವರ ಮುಂದೆ ಹಿಡಿದೆ. ಅವರು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಪ್ರತಿಯೊಂದನ್ನೂ ನೋಡಿದರು. ಬೊಟ್ಟನ್ನೂ ನೋಡಿದರು. ಕನ್ನಡಕ ತೆಗೆದಿಟ್ಟು ‘ಪಾಸ್’ ಎಂದರು. ಅಷ್ಟೆ. ಊಟಕ್ಕೆ ಕುಳಿತಾಗ ಮೂರು ಸಲ ಅನ್ನ ಹಾಕಿಸಿಕೊಂಡರು.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಸಪ್ಪಳವಿರಲಿಲ್ಲ. ನಾನು ಮಲಗಿಯೇ ಸ್ವಲ್ಪ ಹೊತ್ತು ಕಾದೆ. ಹಾಲ್‌ನಿಂದ ಪೇಪರಿನ ಸದ್ದು ಬಂತು, ಆಮೇಲೆ ‘ಚಹಾ ಆತೇನು?’ ಎಂಬ ಹಳೆಯ ಪ್ರಶ್ನೆ. ಎಣ್ಣೆಯ ಬಟ್ಟಲು ಅದರ ಜಾಗಕ್ಕೆ ಹೋಯಿತು. ಕರಿಬೇವು ನನ್ನ ಪಾಲಿಗೆ ಬಂತು. ತಪಾಸಣೆಯಲ್ಲಿ ಪಾಸಾದ ಮಾಲನ್ನು ಮತ್ತೆ ಯಾರು ತಿಕ್ಕುತ್ತಾರೆ? ನಾನು ಚಹಾ ಕುದಿಸುತ್ತ, ಸುಖವನ್ನು ಬಾಯಿಬಿಟ್ಟು ಹೇಳಬಾರದು ಎಂದು ಹಿರಿಯರು ಯಾಕೆ ಹೇಳಿದ್ದರೆಂದು ಹೊಸದಾಗಿ ತಿಳಿದುಕೊಂಡೆ. ಆದರೂ ಅವರು ಊಟ ಸರಿಯಾಗಿ ಮಾಡುತ್ತಿದ್ದಾರಲ್ಲ, ಅದನ್ನು ಆ ಸಂಜೆಯ ಉಪಕಾರಗಳಲ್ಲಿ ಸೇರಿಸಿಕೊಂಡೆ.

ಆ ವಾರದ ಕೊನೆಗೆ ಮೇಘನಾ ಬಂದಳು. ಈ ಸಲ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗುತ್ತಿರಲಿಲ್ಲ. ಅವಳ ಹಾಳೆಗಳಿಗೆ ಒಂದು ಮೂಲೆಯಲ್ಲಿ ಕಪ್ಪು ಗುರುತು ಅಚ್ಚಾಗಿರುತ್ತದೆ. ಅದನ್ನು ನೋಡಿಯೇ ಮಷಿನ್ ಹಾಳೆಯ ತಲೆ ಯಾವುದು, ಕಾಲು ಯಾವುದು ಎಂದು ತಿಳಿಯುತ್ತದಂತೆ. ನಾವು ಎದುರು ಮೂಲೆಯಲ್ಲಿ ಕಾಡಿಗೆ ಇಟ್ಟಿದ್ದರಿಂದ ಅದು ಪ್ರತಿ ಹಾಳೆಯನ್ನೂ ತಲೆಕೆಳಗಾಗಿ ಓದಿತು. ತಲೆಕೆಳಗಾದರೆ ಏಳು ಇದ್ದ ಜಾಗದಲ್ಲಿ ಒಂದು ಬರುತ್ತದೆ.

‘ಮಂಡಳಿಯವ್ರೆಲ್ಲ ಎಲ್ಲದಕ್ಕೂ ಒಂದು ಆಂಟಿ! ಒಂದೇ ಒಂದು ಎರಡೂ ಇಲ್ಲ! ಬಾಸು, ಪೊಲೀಸ್‌ಗೆ ಫೋನ್ ಮಾಡೋಣ್ವಾ ಅಂತಿದ್ರು. ಆಮೇಲೆ ನಾನು ಹಾಳೆ ತೆಗ್ದು ನೋಡಿದ್ರೆ ಕಾಡಿಗೆ!’

ಬೊಟ್ಟು ತನ್ನ ಕೆಲಸ ಮಾಡಿದೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ನಮ್ಮ ಸುಖವನ್ನು ಮಷಿನ್ನಿಗೂ ಕಾಣದ ಹಾಗೆ ಕಾಪಾಡಿತ್ತು.

‘ಕಾಡಿಗೆ ಹತ್ತಿದ ಹಾಳೆ ಲೆಕ್ಕಕ್ಕೆ ಬರಲ್ವಂತೆ. ಬಾಸ್ ಕೈ ಕಾಲು ಹಿಡ್ಕೊಂಡು ಇನ್ನೊಂದ್ಸಲ ಕೇಳ್ಕೊಂಡು ಬಂದಿದೀನಿ. ಕನ್ನಡ ಉಳೀಬೇಕು ಅಂದ್ರೆ ಇವತ್ತೇ ಬೇಕು. ಕಾಡಿಗೆ ಬೇಡ, ಕುಂಕುಮ ಬೇಡ, ನಿಂಬೆಹಣ್ಣು ಬೇಡ. ಬರೀ ಪೆನ್ನು’ ಎಂದು ಹೊಸ ಹಾಳೆ ಮುಂದಿಟ್ಟಳು.

ಪೆನ್ನು ಹಿಡಿದೆ. ಏಳರ ಮೇಲೆ ಇಡಬೇಕು, ಅಷ್ಟರಲ್ಲಿ ಪೇಪರಿನ ಹಿಂದಿನಿಂದ ‘ಚಹಾ ಆತೇನು?’ ಎಂದು ಕೇಳಿಸಿತು. ಪೆನ್ನು ತಾನಾಗಿಯೇ ಐದರ ಕಡೆ ಸರಿಯಿತು. ನಾನು ಸರಿಸಿದ್ದಲ್ಲ, ದೇವರಾಣೆ. ಮೇಘನಾ ಪೆನ್ನು ನೋಡಿದಳು, ನನ್ನ ಮುಖ ನೋಡಿದಳು, ಹಾಲ್‌ನ ಕಡೆ ನೋಡಿದಳು. ಪೇಪರು ಇಳಿಯಿತು. ಕನ್ನಡಕದ ಮೇಲಿನಿಂದ ನಮ್ಮವರು ಪೆನ್ನು ಎಲ್ಲಿ ನಿಂತಿದೆ ಎಂದು ಅಳೆದರು. ಎದ್ದು ಅಡುಗೆಮನೆಗೆ ಹೋದರು. ಪಾತ್ರೆಯ ಸಪ್ಪಳ, ನಳದ ಸಪ್ಪಳ, ಆಮೇಲೆ ದನಿ:

‘ಶುಂಠಿ ಹಾಕ್ಲೇನು?’

‘ಹಾಕ್ರಿ’ ಎಂದು ಆರಕ್ಕೆ ಗುರುತು ಮಾಡಿದೆ. ಏಳಕ್ಕೆ ಹೋಗಲಿಲ್ಲ. ಕಾಡಿಗೆ ಇಡಬಾರದೆಂದ ಮೇಲೆ, ಉಳಿಸಿಕೊಂಡ ಆ ಒಂದು ಅಂಕವೇ ನನ್ನ ದೃಷ್ಟಿಬೊಟ್ಟು.

ಚಹಾ ಬಂತು. ಸಕ್ಕರೆ ಎರಡು ಪಟ್ಟು, ಶುಂಠಿ ನಾಲ್ಕು ಪಟ್ಟು. ಗಂಟಲಲ್ಲಿ ಇಳಿಯುವಾಗ ಕಣ್ಣಲ್ಲಿ ನೀರು ಬಂತು. ಅವರು ಎದುರಿಗೆ ನಿಂತು ‘ಹ್ಯಾಂಗ ಆಗೇದ?’ ಎಂದರು.

‘ನಡೀತದ್ರಿ’ ಎಂದೆ.

ಅವರು ಮೇಘನಾಳ ಕಡೆ ತಿರುಗಿ, ಇಷ್ಟು ವರ್ಷದಲ್ಲಿ ನಾನು ನೋಡಿರದ ಒಂದು ನಗೆ ನಕ್ಕು, ‘ಏಳು ಅಂತ ಬರ್ಕೋವಾ’ ಎಂದರು.

ಮೇಘನಾ ಬರೆದುಕೊಂಡಳೋ ಇಲ್ಲವೋ ನಾನು ನೋಡಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು, ಎಲ್ಲ ಆ ಶುಂಠಿಯದೇ ಎಂದು ಹೇಳಿದೆ.